ಎಲ್ಲ ಒಲೆಯ ಹಿಟ್ಟು

“ಅಮ್ಮಾ, ಬೆಳ್ಳುಳ್ಳಿ ಅಜ್ಜಿ ಪಾಪ ಮಾಡಿದ್ರಂತೆ. ಯಾವುದ್ರಲ್ಲಿ ಮಾಡಿದ್ರು? ಬಟ್ಟೇಲಾ, ಮಣ್ಣಲ್ಲಾ?”

ಮಧುರಾಳ ಜಡೆ ಹೆಣೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಶಾಲೆಯ ವ್ಯಾನು ಬರಲು ಏಳು ನಿಮಿಷವಿತ್ತು. ಹಲಸೂರಿನ ನಮ್ಮ ಗಲ್ಲಿಯಲ್ಲಿ ಅರ್ಧ ಮನೆಗಳಲ್ಲಿ ತಮಿಳು ನಡೆಯುತ್ತದೆ. ಅವರ ಬಾಯಲ್ಲಿ ಪಾಪಾ ಎಂದರೆ ಎಳೆಗೂಸು, ಗೊಂಬೆಗೂ ಅದೇ ಹೆಸರು. ಐದು ವರ್ಷದ ನನ್ನ ಮಗಳಿಗೆ ಗೊತ್ತಿರುವುದು ಆ ಪಾಪಾ ಒಂದೇ.

“ನಿಂಗ್ಯಾರು ಹೇಳಿದ್ದು?”

“ಭಾಗ್ಯ ಆಂಟಿ ಫೋನಲ್ಲಿ ಹೇಳ್ತಿದ್ರು. ಆ ಪಾಪ ಈಗ ಎಲ್ಲಿದೆಯಮ್ಮಾ? ನಂಗೆ ತೋರಿಸ್ತಾರಾ?”

“ಅವರ ಮನೆ ಕಡೆ ಹೋಗ್ಬೇಡ ಅಂದಿದೀನಲ್ಲ” ಎಂದು ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದೆ. ಅವಳು ‘ಆ’ ಎಂದಳು. ಕ್ಷಮಿಸು ಎಂದು ತಲೆಗೊಂದು ಮುತ್ತು ಕೊಟ್ಟೆ.

ಬೆಳ್ಳುಳ್ಳಿ ಅಜ್ಜಿ ಎಂದರೆ ಮುನಿಲಕ್ಷ್ಮಮ್ಮ. ನಮ್ಮ ಗಲ್ಲಿಗೆ ಆಕೆ ಮರಳಿ ಬಂದದ್ದು ಯುಗಾದಿ ಕಳೆದ ಮರುವಾರ. ಒಂದು ಟ್ರಂಕು, ಒಂದು ಕರೆಂಟಿನ ಕುಕ್ಕರು, ಸುತ್ತಿದ ಚಾಪೆ. ಆಟೊದಿಂದ ಇಳಿದ ಸಾಮಾನು ಇಷ್ಟೇ. ಗಲ್ಲಿಯ ಕೊನೆಯ ಒಂಟಿ ಕೋಣೆ ಆಕೆಯ ಅಣ್ಣನದು. ಅವನು ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಬೀಗ ತುಕ್ಕು ಹಿಡಿದು ತೆರೆಯದೆ, ಆಕೆ ಯಾರನ್ನೂ ಕರೆಯದೆ, ಒಂದು ಕಲ್ಲು ತಂದು ಅರ್ಧ ಗಂಟೆ ಕುಟ್ಟಿದ್ದನ್ನು ನಾನು ನಮ್ಮ ಮಹಡಿಯ ಮೆಟ್ಟಿಲಿನಿಂದ ನೋಡಿದೆ. ಇಪ್ಪತ್ತಾರು ಮನೆಗಳ ಗಲ್ಲಿ. ಒಬ್ಬರೂ ಸುತ್ತಿಗೆ ಕೊಡಲಿಲ್ಲ. ಹೊಸಬಳು, ಯಾರಿಗೂ ಪರಿಚಯವಿಲ್ಲ, ಅದಕ್ಕೇ ಇರಬೇಕು ಎಂದು ನಾನಂದುಕೊಂಡೆ. ಆಮೇಲೆ ಗೊತ್ತಾಯಿತು, ಎಲ್ಲರಿಗೂ ಪರಿಚಯವಿದ್ದದ್ದರಿಂದಲೇ ಯಾರೂ ಕೊಡಲಿಲ್ಲ.

ಅರವತ್ತೆರಡೋ ಮೂರೋ ವಯಸ್ಸು. ಶಿವಾಜಿನಗರದ ಬಿರಿಯಾನಿ ಹೋಟೆಲೊಂದಕ್ಕೆ ಬೆಳ್ಳುಳ್ಳಿ ಸುಲಿದು ಕೊಡುವುದು ಕೆಲಸ. ಬೆಳಿಗ್ಗೆ ಆದಿಲ್ ಎಂಬ ಆಟೊದವರು ಒಂದು ಮೂಟೆ ಇಳಿಸಿ ಹೋಗುತ್ತಾರೆ, ಸಂಜೆ ಬಂದು ಸುಲಿದದ್ದನ್ನು ಒಯ್ಯುತ್ತಾರೆ. ಎಸಳುಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬುಡವನ್ನು ಸಣ್ಣ ಚಾಕುವಿನಿಂದ ಕತ್ತರಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಬೆತ್ತಲೆ ಎಸಳು ಪಾತ್ರೆಗೆ ಜಾರುತ್ತದೆ. ಹೊಸ್ತಿಲ ಮೇಲೆ ಕೂತು ಇಡೀ ದಿನ ಇದೇ. ತಲೆ ಎತ್ತುವುದು ಕಡಿಮೆ. ಸಿಪ್ಪೆ ಮಾತ್ರ ಗಾಳಿಗೆ ಗಲ್ಲಿಯುದ್ದಕ್ಕೂ ಹಾರಿ ಮನೆ ಮನೆಗೆ ಹೋಗುತ್ತಿತ್ತು. ಅದನ್ನೂ ನಾವು ಶಪಿಸುತ್ತ ಗುಡಿಸುತ್ತಿದ್ದೆವು.

ಆಕೆಯ ಕಥೆಯನ್ನು ನನಗೆ ಹೇಳಿದ್ದು ಎದುರುಮನೆಯ ಭಾಗ್ಯಲಕ್ಷ್ಮಿ. ನನ್ನ ಅತ್ತೆ ಮಂಜುಳಮ್ಮ ಒಂದು ಮಾತೂ ಆಡಿರಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ಮುನಿಲಕ್ಷ್ಮಮ್ಮ ಅದೇ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಎಂಟಕ್ಕೆ ಕೂಸುಗಳನ್ನು ಬಿಟ್ಟು ಸಂಜೆ ಆರಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಒಟ್ಟು ಹತ್ತು ಮಕ್ಕಳು. ಅವರಲ್ಲಿ ಒಬ್ಬ ಆಗ ನಾಲ್ಕು ವರ್ಷದವನಾಗಿದ್ದ ನನ್ನ ಗಂಡ ಮಧುಕರ್. ಇನ್ನೊಂದು, ಗುಡಿಯ ಪಕ್ಕದ ಮನೆಯ ರಾಮಯ್ಯನವರ ಮಗಳು ಪವಿತ್ರ, ಹತ್ತು ತಿಂಗಳಿನ ಕೂಸು. ಒಂದು ದಿನ ಹತ್ತಿರದ ಛತ್ರದಲ್ಲಿ ಯಾರದೋ ಮದುವೆ. ಮುನಿಲಕ್ಷ್ಮಮ್ಮ ಮಕ್ಕಳಿಗೆಲ್ಲ ನಿದ್ದೆ ಬರಲೆಂದು ಕೆಮ್ಮಿನ ಔಷಧಿ ಕುಡಿಸಿ, ಸಾಲಾಗಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿ ಊಟಕ್ಕೆ ಹೋದಳು. ಪವಿತ್ರಳಿಗೆ ಹಲ್ಲು ಬರುತ್ತಿತ್ತಂತೆ, ಅಳು ಜಾಸ್ತಿ. ಅವಳಿಗೆ ಎರಡು ಚಮಚ. ಒಂದೂವರೆ ಗಂಟೆ ಬಿಟ್ಟು ಎಲೆಯಡಿಕೆ ಜಗಿಯುತ್ತ ವಾಪಸು ಬಂದಳು. ಒಂಬತ್ತು ಮಕ್ಕಳು ಒಂದೊಂದಾಗಿ ಎದ್ದವು.

ಪೊಲೀಸು, ಕೋರ್ಟು, ಜೈಲು ಎಲ್ಲ ಆಯಿತು. ಬಿಡುಗಡೆಯಾದ ಮೇಲೆ ಮಾಲೂರಿನ ಕಡೆ ಇದ್ದಳಂತೆ, ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪು ಮಾರಿದಳಂತೆ. ಗಂಡ ಯಾವತ್ತೋ ಬಿಟ್ಟು ಹೋಗಿದ್ದ. ಸ್ವಂತ ಮಕ್ಕಳಿರಲಿಲ್ಲ. “ಇದ್ದಿದ್ರೆ ಗೊತ್ತಾಗಿರೋದು” ಎಂದಳು ಭಾಗ್ಯ.

ಅಂದು ರಾತ್ರಿ ಮಧುಕರನನ್ನು ಕೇಳಿದೆ, ನಿಮಗೇನಾದರೂ ನೆನಪಿದೆಯಾ ಎಂದು. “ಆ ಮನೆ ನೆಲ ತಣ್ಣಗಿತ್ತು, ಅಷ್ಟೇ” ಎಂದ. ನನಗೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಮಲಗಿದ್ದ ಗಂಡ ಒಂಬತ್ತರಲ್ಲಿ ಒಬ್ಬ. ಲೆಕ್ಕ ಇನ್ನೊಂದು ಕಡೆ ವಾಲಿದ್ದರೆ ನಾನು ಈ ಮನೆಗೆ ಬರುತ್ತಿರಲಿಲ್ಲ, ಮಧುರಾ ಹುಟ್ಟುತ್ತಿರಲಿಲ್ಲ.

ಆಮೇಲೆ ನಾನು ಆಕೆಯ ಮೇಲೆ ಕಣ್ಣಿಟ್ಟೆ. ಇದರಲ್ಲಿ ನನಗೆ ನಾಚಿಕೆಯೇನೂ ಇರಲಿಲ್ಲ. ಇಂದಿರಾನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಕೆಲಸ ನನ್ನದು. ಇಡೀ ದಿನ ನಾನು ಹೊರಗೆ, ಮಗಳು ಅತ್ತೆಯ ಜೊತೆ, ಅತ್ತೆಗೆ ಮಧ್ಯಾಹ್ನ ಒಂದು ಜೋಂಪು. ಆ ಜೋಂಪಿನ ಮುಕ್ಕಾಲು ಗಂಟೆ ನನ್ನ ತಲೆಯಲ್ಲಿ ಗಡಿಯಾರದಂತೆ ಬಡಿಯುತ್ತಿತ್ತು. ಒಂದು ಸಂಜೆ ಮಧುರಾಳ ಕೈಯಲ್ಲಿ ಒಂದು ಏಲಕ್ಕಿ ಬಾಳೆಹಣ್ಣು ಕಂಡಿತು.

“ಯಾರು ಕೊಟ್ರು?”

“ಬೆಳ್ಳುಳ್ಳಿ ಅಜ್ಜಿ. ನಾನು ಕೇಳ್ಲಿಲ್ಲಮ್ಮಾ, ಅವರೇ ಕೊಟ್ರು.”

ಹಣ್ಣನ್ನು ಕಿತ್ತುಕೊಂಡು ಕಸದ ಡಬ್ಬಿಗೆ ಹಾಕಿದೆ. ಮತ್ತೆ ತೆಗೆದು ಸಿಪ್ಪೆಯಲ್ಲಿ ಸೂಜಿ ಚುಚ್ಚಿದ ಗುರುತಿದೆಯೇ ಎಂದು ಕಿಟಕಿಯ ಬೆಳಕಿನಲ್ಲಿ ನೋಡಿದೆ. ಇರಲಿಲ್ಲ. ಪುನಃ ಹಾಕಿದೆ. ಮಗಳು ಅತ್ತಳು. ಅಂಗಡಿಯಿಂದ ಅರ್ಧ ಡಜನ್ ತಂದುಕೊಟ್ಟೆ, ಒಂದನ್ನೂ ಮುಟ್ಟಲಿಲ್ಲ.

ಇನ್ನೊಮ್ಮೆ ಆಕೆಯ ಕಿಟಕಿಯ ಗೂಡಿನಲ್ಲಿ ಗುಲಾಬಿ ಬಣ್ಣದ ಔಷಧಿ ಬಾಟಲಿ ಕಂಡು, ಮೊಬೈಲಿನಲ್ಲಿ ಫೋಟೊ ಹೊಡೆದು, ಮೆಡಿಕಲ್ ಶಾಪಿನವನಿಗೆ ತೋರಿಸಿದೆ. “ಮೇಡಂ, ಇದು ಗ್ಯಾಸ್ಟ್ರಿಕ್‌ದು. ನಿಮ್ಮತ್ತೇನೂ ಇದನ್ನೇ ಒಯ್ತಾರೆ” ಎಂದು ಅವನು ನಕ್ಕ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಾಟಲಿಯ ಮೇಲೆ ಬರೆದದ್ದೇ ಒಳಗಿರಬೇಕೆಂದು ಯಾವ ನಿಯಮ?

ಹೀಗಿರುವಾಗ ಆಷಾಢ ಬಂತು. ಗಲ್ಲಿಯ ತಿರುವಿನಲ್ಲಿರುವ ಸಪ್ಪಲಮ್ಮನ ಗುಡಿ ಒಂದು ಹಾಸಿಗೆಯಷ್ಟು ದೊಡ್ಡದು. ಆಷಾಢದ ಮೂರನೆಯ ಭಾನುವಾರ ಆ ತಾಯಿಗೆ ಅಂಬಲಿ. ಅದಕ್ಕೊಂದು ಕ್ರಮವಿದೆ. ಶನಿವಾರ ಬೆಳಿಗ್ಗೆ ಸರದಿಯ ಮನೆಯವರು ಹಿತ್ತಾಳೆಯ ಕೊಳಗ ಹಿಡಿದು ಬಾಗಿಲು ಬಾಗಿಲಿಗೂ ಹೋಗಿ ‘ಅಮ್ಮನ ಹಿಟ್ಟು’ ಎಂದು ಕೂಗಬೇಕು. ಪ್ರತಿ ಮನೆಯವರು ಒಂದು ಪಾವು ರಾಗಿ ಹಿಟ್ಟು ಸುರಿಯಬೇಕು. ಸಂಜೆ ಅದನ್ನೆಲ್ಲ ಒಟ್ಟಿಗೆ ನೆನೆಹಾಕಿ, ಭಾನುವಾರ ಬೆಳಿಗ್ಗೆ ಗುಡಿಯ ಎದುರು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ, ಆರಿಸಿ, ಮಜ್ಜಿಗೆ, ಈರುಳ್ಳಿ ಬೆರೆಸಿ ಎಲ್ಲರಿಗೂ ಹಂಚುವುದು. ಬೆಂಕಿ ಹಚ್ಚುವ ಮುಂಚೆ ಕೋಲು ಹಿಡಿದು ತಿರುಗಿಸುವವರು ದೇವಿಯ ಎದುರು ಜೋರಾಗಿ ಕೇಳುತ್ತಾರೆ: “ಎಲ್ಲ ಒಲೆ ಹಿಟ್ಟೂ ಬಂತಾ?” ಹಿಟ್ಟು ತಂದವರು “ಬಂತು” ಎನ್ನಬೇಕು. ಒಂದು ಒಲೆಯ ಹಿಟ್ಟು ತಪ್ಪಿದರೂ ಬೆಂಕಿ ಹಚ್ಚುವಂತಿಲ್ಲ.

ಈ ವರ್ಷದ ಸರದಿ ನಮ್ಮ ಮನೆಯದು. ಅತ್ತೆಗೆ ಮೊಣಕಾಲು ನೋವು, ಆದ್ದರಿಂದ ಕೊಳಗ ನನ್ನ ಕೈಗೆ ಬಂತು. ಕೋಲು ಹಿಡಿಯುವವರು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬರೇ: ಪವಿತ್ರಳ ತಂದೆ ರಾಮಯ್ಯ.

“ಆ ಮನೆಗೆ ಹೋಗ್ತೀಯಾ?” ಎಂದು ಭಾಗ್ಯ ಶುಕ್ರವಾರವೇ ಕೇಳಿದಳು.

“ನಾನ್ಯಾಕ್ ಹೋಗ್ಲಿ? ಆದ್ರೆ ‘ಬಂತು’ ಅಂತ ಸುಳ್ಳು ಹೇಗೆ ಹೇಳೋದು, ಅಮ್ಮನ ಎದುರು?”

ಭಾಗ್ಯ ಕಣ್ಣು ಚಿಕ್ಕದು ಮಾಡಿದಳು. “ಸುಳ್ಳು ಎಲ್ಲಿ ಬಂತು? ಎಲ್ಲ ಒಲೆ ಹಿಟ್ಟು ತಾನೇ ಕೇಳೋದು? ಅವಳ ಮನೇಲಿ ಒಲೆ ಎಲ್ಲಿದೆ? ಗ್ಯಾಸೂ ಇಲ್ಲ, ಸ್ಟೌವೂ ಇಲ್ಲ. ಕರೆಂಟ್ ಕುಕ್ಕರು. ಪ್ಲಗ್ ಹಾಕೋದೆಲ್ಲ ಒಲೆ ಆಗುತ್ತೇನೇ?”

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ, ಅದು ತಮಾಷೆಯಾಗಿ ಉಳಿಯಲಿಲ್ಲ, ತೀರ್ಮಾನವಾಗಿತ್ತು. ಗಲ್ಲಿಯಲ್ಲಿ ಇಪ್ಪತ್ತೈದು ಒಲೆ, ಒಂದು ಕುಕ್ಕರು. ನನ್ನ ಮನಸ್ಸಾಕ್ಷಿ ಇಷ್ಟು ಚೆನ್ನಾಗಿ ವಕೀಲಿಕೆ ಮಾಡುತ್ತದೆಂದು ನನಗೇ ಗೊತ್ತಿರಲಿಲ್ಲ.

ಶನಿವಾರ ಕೊಳಗಕ್ಕೆ ಅರಿಶಿನ ಬಳಿದು, ಬೇವಿನ ಎಸಳು ಕಟ್ಟಿ ಹೊರಟೆ. ಮಧುರಾ ಲಂಗ ರವಿಕೆ ತೊಟ್ಟು ಮುಂದೆ ಮುಂದೆ. ಪ್ರತಿ ಬಾಗಿಲಲ್ಲೂ ಕೂಗುವ ಕೆಲಸ ತನ್ನದೇ ಎಂದು ಹಟ ಹಿಡಿದಿದ್ದಳು, ಬಿಟ್ಟುಕೊಟ್ಟಿದ್ದೆ. “ಅಮ್ಮನ ಹಿಟ್ಟೂ!” ಎಂದು ಕತ್ತು ಚಾಚಿ ಅವಳು ಕೂಗುವುದು, ಒಳಗಿನವರು ನಗುತ್ತ ಪಾವು ತರುವುದು, ಹಿಟ್ಟು ಬೀಳುವಾಗ ಏಳುವ ಕಂದು ಹೊಗೆ. ಇಪ್ಪತ್ತೈದು ಮನೆ ಮುಗಿಯುವಾಗ ಕೊಳಗ ನನ್ನ ಸೊಂಟ ಮುರಿಯುವಷ್ಟು ಭಾರವಾಗಿತ್ತು. ಮನೆಯ ಕಡೆ ತಿರುಗಿದೆ.

“ಅಮ್ಮನ ಹಿಟ್ಟೂ!”

ದನಿ ಬಂದದ್ದು ಗಲ್ಲಿಯ ಕೊನೆಯಿಂದ. ನಾನು ಹೇಳುವುದನ್ನು ಮರೆತಿದ್ದೆ. ಎಲ್ಲ ಬಾಗಿಲಿಗೂ ಕೂಗಬೇಕು ಎಂದಷ್ಟೇ ಅವಳಿಗೆ ಹೇಳಿದ್ದೆ, ಒಂದನ್ನು ಬಿಟ್ಟು ಎಂದು ಹೇಳಿರಲಿಲ್ಲ.

“ಮಧುರಾ! ಬಾ ಇಲ್ಲಿ!” ಎಂದು ಓಡಿದೆ. ಅದೇ ನನ್ನ ತಪ್ಪು. ಕೊಳಗವನ್ನು ಸೊಂಟದಲ್ಲಿಟ್ಟುಕೊಂಡೇ ಓಡಿದ್ದೆ. ಬಾಗಿಲಲ್ಲಿ ಮುನಿಲಕ್ಷ್ಮಮ್ಮ ನಿಂತಿದ್ದಳು. ಕೈಯಲ್ಲಿ ಅಂಚಿನ ಮಟ್ಟಕ್ಕೆ ಸವರಿದ ಒಂದು ಪಾವು ಹಿಟ್ಟು, ಮೇಲೆ ಒಂದು ತುಳಸಿ ಎಲೆ. ಅಂದರೆ ಬೆಳಿಗ್ಗೆಯಿಂದಲೂ ಸಿದ್ಧವಾಗಿಟ್ಟುಕೊಂಡು ಕೂತಿದ್ದಳು. ನಾನು ಮಗಳ ತೋಳು ಹಿಡಿದು ಎಳೆಯುವಷ್ಟರಲ್ಲಿ ಆಕೆ ಬಾಗಿ ಪಾವನ್ನು ಕೊಳಗಕ್ಕೆ ಬೋರಲು ಹಾಕಿದಳು.

“ಮೂರ್ ಸಲ ಜರಡಿ ಹಿಡಿದಿದೀನಿ” ಎಂದಳು. ನನ್ನ ಮುಖ ನೋಡಲಿಲ್ಲ.

ನಾನು ಮಗಳನ್ನು ಎಳೆದುಕೊಂಡು ಹೊರಟೆ. ಗಲ್ಲಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿದ ಶಬ್ದ ಕೇಳಿತು.

ಮನೆಗೆ ಬಂದು ಕೊಳಗವನ್ನು ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿದೆ. ಆಕೆಯ ಹಿಟ್ಟು ಬಿದ್ದ ಜಾಗ ಯಾವುದು? ತುಳಸಿ ಎಲೆ ಇತ್ತು, ಅದರ ಸುತ್ತಲಿನ ಹಿಟ್ಟನ್ನು ಸೌಟಿನಿಂದ ತೆಗೆದು ತಟ್ಟೆಗೆ ಹಾಕಿದೆ. ಬಿಳಿ ಪುಡಿಯೇನಾದರೂ ಇದೆಯೇ ಎಂದು ಬೆರಳಲ್ಲಿ ಹರಡಿ ನೋಡಿದೆ. ಮೂಸಿದೆ, ಸ್ವಲ್ಪ ಬೆಳ್ಳುಳ್ಳಿಯ ವಾಸನೆ. ನಾಲಗೆಗೆ ಹಚ್ಚಿಕೊಂಡೆ. ರಾಗಿ. ನಿದ್ದೆ ಮಾತ್ರೆಯ ರುಚಿ ಹೇಗಿರುತ್ತದೆಂದು ನನಗೇನು ಗೊತ್ತು? ಮನೆಗೆ ಬರುವಾಗ ಕೊಳಗ ಅಲ್ಲಾಡಿತ್ತು, ಹಿಟ್ಟು ಬೆರೆತಿತ್ತು. ಅಷ್ಟಿಷ್ಟು ತೆಗೆದರೆ ಪ್ರಯೋಜನವಿರಲಿಲ್ಲ. ನಾಳೆ ಈ ಅಂಬಲಿಯನ್ನು ಗಲ್ಲಿಯ ಮೂವತ್ತು ಮಕ್ಕಳು ಕುಡಿಯುತ್ತಾರೆ. ಅವರಲ್ಲಿ ನನ್ನ ಮಗಳೂ ಒಬ್ಬಳು.

“ಅತ್ತೆ, ಇದನ್ನೆಲ್ಲಾ ಚೆಲ್ಲಿಬಿಡ್ತೀನಿ. ಅಂಗಡಿಯಿಂದ ಅಷ್ಟೇ ಹಿಟ್ಟು ತಂದು ತುಂಬಿದ್ರೆ ಯಾರಿಗೂ ಗೊತ್ತಾಗಲ್ಲ.”

ಅತ್ತೆ ಕೊಳಗದ ಪಕ್ಕದಲ್ಲಿ ನೆಲಕ್ಕೇ ಕೂತರು. ಮೊಣಕಾಲು ನೋವಿನವರು ನೆಲಕ್ಕೆ ಕೂತದ್ದನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ.

“ಚೆಲ್ಲಂಗಿಲ್ಲ ಕಣೇ. ಅಮ್ಮನ ಕೊಳಗಕ್ಕೆ ಬಿದ್ದಿದ್ದು ಅಮ್ಮಂದು. ಇನ್ನ ಅದು ಅವಳ ಹಿಟ್ಟಲ್ಲ, ನಮ್ಮ ಹಿಟ್ಟೂ ಅಲ್ಲ.”

“ಅದ್ರಲ್ಲಿ ಏನಾದ್ರೂ ಬೆರೆಸಿದ್ರೆ?”

“ಮೋನಿಷಾ.” ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯುವುದು ಅಪರೂಪ. “ಹತ್ತು ಮಕ್ಳು ಇದ್ವು ಅವಳ ಹತ್ರ. ನಾನು ಸಾಯಂಕಾಲ ಹೋದಾಗೆಲ್ಲ ಹತ್ತೂ ಸಾಲಾಗಿ ಮಲಗಿರೋವು. ಆಟ ಆಡೋ ವಯಸ್ಸು. ಹತ್ತು ಮಕ್ಳು ಒಂದೇ ಸಲ, ದಿನಾ, ಹಗಲೊತ್ತು ಹಂಗೆ ಮಲಗ್ತವಾ? ನಂಗೆ ಅಷ್ಟೂ ತಿಳೀತಿರ್ಲಿಲ್ವಾ?”

ಅತ್ತೆ ಕೊಳಗದ ಅಂಚಿಗೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ಒಳಗೆ ಸವರಿದರು.

“ಮಧುಕರ ರಾತ್ರಿ ಕೂಡ ಅಳ್ತಿರ್ಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ ಮಿಷನ್ ಮುಂದೆ ಕೂರೋಳಿಗೆ ಅದೇ ದೊಡ್ಡ ಪುಣ್ಯ. ಮುನ್ಲಕ್ಷ್ಮಕ್ಕನ ಕೈಗುಣ ಅಂತಿದ್ವಿ ನಾವೆಲ್ಲಾ. ಕೈಗುಣ! ಯಾರೂ ಕೇಳ್ಲಿಲ್ಲ. ಕೋರ್ಟಲ್ಲಿ ನನ್ನೂ ಕರೆಸಿದ್ರು. ನಮಗೇನೂ ಗೊತ್ತಿರ್ಲಿಲ್ಲ ಸ್ವಾಮಿ ಅಂದ್ಬಿಟ್ಟು ಬಂದೆ. ಅವಳು ಅಲ್ಲೇ ನಿಂತಿದ್ಳು, ನನ್ನೇ ನೋಡ್ತಿದ್ಳು. ಬಾಯಿ ಬಿಡ್ಲಿಲ್ಲ.”

“ಹಂಗಂತ ಅವಳದ್ದು ತಪ್ಪಲ್ವಾ ಅತ್ತೆ?”

“ತಪ್ಪಲ್ದೆ ಏನು? ಚಿಲಕ ಹಾಕಿ ಊಟಕ್ ಹೋದೋಳು ಅವಳೇ ತಾನೆ. ನಾನು ಅವಳ ಪರ ಮಾತಾಡ್ತಿಲ್ಲ. ಹಿಟ್ಟು ಚೆಲ್ಲೋಕೆ ನಾನ್ಯಾರು ಅಂತ ಹೇಳ್ತಿದೀನಿ.”

ಇದು ನನಗೆ ಉತ್ತರವಾಗಿ ಕಾಣಲಿಲ್ಲ. ಅತ್ತೆಯ ಪಶ್ಚಾತ್ತಾಪಕ್ಕೆ ನನ್ನ ಮಗಳ ಹೊಟ್ಟೆ ಯಾಕೆ ಒತ್ತೆಯಾಗಬೇಕು? ತಟ್ಟೆಯ ಹಿಟ್ಟನ್ನೂ ಮತ್ತೆ ಸುರಿದು, ಕೊಳಗವನ್ನು ಎತ್ತಿಕೊಂಡು ನೇರ ಗುಡಿಗೆ ಹೋದೆ. ಮಗಳನ್ನು ಕಳೆದುಕೊಂಡವರೇ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಅವರು ಬೇಡ ಎಂದೇ ಎನ್ನುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ರಾಮಯ್ಯನವರು ಪಂಚೆ ಎತ್ತಿ ಕಟ್ಟಿ ಕೊಪ್ಪರಿಗೆಯನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು. ಕಾರ್ಖಾನೆಯಲ್ಲಿ ಲೇತು ತಿರುಗಿಸಿ ನಿವೃತ್ತರಾದವರು, ಕೈಗಳು ಇನ್ನೂ ಕಬ್ಬಿಣದ ಹಾಗಿವೆ. ಹೆಂಡತಿ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಪವಿತ್ರಳ ನಂತರ ಅವರಿಗೆ ಮಕ್ಕಳಾಗಲಿಲ್ಲ.

“ಮಾವ, ಒಂದು ತಪ್ಪಾಗ್ಬಿಟ್ಟಿದೆ” ಎಂದು ಎಲ್ಲ ಹೇಳಿದೆ. ಕುಕ್ಕರಿನ ವಿಷಯ ಬಿಟ್ಟು.

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಎಷ್ಟ್ ಹಾಕಿದ್ಳು?” ಎಂದರು.

“ಒಂದು ಪಾವು. ಎಲ್ಲರ ಹಾಗೆ.”

“ಹ್ಞಾ.” ನೀರು ಸುರಿದು ಕೊಪ್ಪರಿಗೆ ತೊಳೆದರು. “ನಾನು ಅವಳನ್ನ ಕ್ಷಮಿಸಿಲ್ಲ ಕಣಮ್ಮ. ಬರ್ಕೊ ಬೇಕಾದ್ರೆ. ಅವಳು ಈ ಗಲ್ಲಿಗೆ ಕಾಲಿಟ್ಟ ದಿನ, ಕೈಲಿ ಸುತ್ತಿಗೆ ಹಿಡ್ಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಬೀಗ ಒಡೆಯೋಕೆ ಕೊಡೋಕಲ್ಲ.”

ನಾನು ಕೆಳಗಿಟ್ಟ ಕೊಳಗದ ಕಡೆ ಅವರು ಬೆರಳು ತೋರಿಸಿದರು.

“ಇದು ನಮ್ಮನೆ ಪಾತ್ರೆ ಆಗಿದ್ದಿದ್ರೆ ಒದ್ದು ಮೋರಿಗೆ ಚೆಲ್ತಿದ್ದೆ. ಆದ್ರೆ ಇದು ಅಮ್ಮಂದು. ಅಮ್ಮನಿಗೆ ಆ ಹಿಟ್ಟು ಬೇಕೋ ಬೇಡವೋ ಅಂತ ನನ್ನ ಕೇಳ್ತೀಯಲ್ಲ, ನಾನ್ ಬರೀ ಕೋಲು ತಿರುಗ್ಸೋನು. ಎಷ್ಟೋ ವರ್ಷ ಅಮ್ಮನ ಹತ್ರ ಜಗಳ ಆಡಿದೀನಿ. ಅವಳನ್ನ ಯಾಕ್ ಬದುಕ್ಸಿದೀಯ ಅಂತ. ಬದುಕ್ಸಿದ್ಳು. ಈಗ ವಾಪಸ್ಸೂ ಕರ್ಕೊಂಡ್ ಬಂದ್ಳು. ಅಮ್ಮನಿಗೆ ನ್ಯಾಯ ಗೊತ್ತಿಲ್ಲ ಅಂತ ಬಯ್ದೆ. ಬಯ್ಸ್ಕೊಂಡ್ಳು. ಏನ್ ಮಾಡ್ತೀಯ?”

“ಮಕ್ಕಳು ಕುಡಿಯೋ ಅಂಬಲಿ ಮಾವ” ಎಂದೆ.

“ಅದು ಸರಿ. ಅದು ನಿನ್ ಭಯ. ಅದಕ್ಕೆ ಒಂದ್ ಕೆಲ್ಸ ಮಾಡಣ.” ಮನೆಯೊಳಗೆ ಹೋಗಿ ಒಂದು ಸಣ್ಣ ಪಾತ್ರೆ, ಸ್ಟೌ ತಂದರು. ಕೊಳಗಕ್ಕೆ ಕೈ ಹಾಕಿ ಮೇಲಿಂದ, ನಡುವಿಂದ, ತಳದಿಂದ ಮೂರು ಹಿಡಿ ತೆಗೆದರು. ಅಲ್ಲೇ ಸ್ಟೌ ಮೇಲೆ ನೀರಿಗೆ ಹಾಕಿ, ಉಪ್ಪು ಹಾಕಿ ಗಂಜಿ ಕಾಸಿದರು. ಊದಿ ಊದಿ ಪೂರ್ತಿ ಕುಡಿದರು. ಮೀಸೆ ಒರೆಸಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂತರು.

“ಈಗ ಹನ್ನೆರಡು ಗಂಟೆ. ಸಾಯಂಕಾಲ ಐದರವರ್ಗೂ ಇಲ್ಲೇ ಕೂತಿರ್ತೀನಿ. ಬಂದು ನೋಡ್ತಾ ಇರು. ನಾನು ತೂಕಡಿಸಿದ್ರೆ ಚೆಲ್ಲು.”

ನಾನು ನಾಲ್ಕು ಸಲ ಹೋಗಿ ನೋಡಿದೆ. ಮೊದಲ ಸಲ ಪೇಪರು ಓದುತ್ತಿದ್ದರು. ಎರಡನೆಯ ಸಲ ಅದೇ ಪೇಪರು ತಲೆಕೆಳಗಾಗಿತ್ತು, ಓದುತ್ತಿರಲಿಲ್ಲ, ಗಲ್ಲಿಯ ಕೊನೆಯ ಬಾಗಿಲನ್ನೇ ನೋಡುತ್ತಿದ್ದರು. ಮೂರನೆಯ ಸಲ ಮಧುರಾ ಅವರ ಪಕ್ಕದಲ್ಲಿ ಕೂತು ಕತೆ ಹೇಳುತ್ತಿದ್ದಳು. ಐದು ಗಂಟೆಗೆ ಎದ್ದು ನಿಂತು, “ನಿದ್ದೆ ಬಂದಿದ್ರೆ ಚೆನ್ನಾಗಿರ್ತಿತ್ತು ಕಣಮ್ಮ, ನಂಗೆ ನಿದ್ದೆ ಬಂದು ವರ್ಷಗಳಾಯ್ತು” ಎಂದು ನಕ್ಕು ಹಿಟ್ಟನ್ನು ನೆನೆಹಾಕಿದರು.

ಭಾನುವಾರ ಬೆಳಿಗ್ಗೆ ಗಲ್ಲಿಯೆಲ್ಲ ಗುಡಿಯ ಎದುರು ಸೇರಿತ್ತು. ವಿಷಯ ಎಲ್ಲರಿಗೂ ತಲುಪಿತ್ತು. ಕೆಲವರು ಮಕ್ಕಳನ್ನು ಕರೆತಂದಿರಲಿಲ್ಲ. ಒಟ್ಟಿಟ್ಟ ಸೌದೆಯ ಪಕ್ಕ ನಿಂತು ರಾಮಯ್ಯನವರು ಕೋಲು ಎತ್ತಿ ಕೇಳಿದರು:

“ಎಲ್ಲ ಒಲೆ ಹಿಟ್ಟೂ ಬಂತಾ?”

ಭಾಗ್ಯ ನನ್ನನ್ನೇ ನೋಡುತ್ತಿದ್ದಳು. ಅತ್ತೆ ನೆಲ ನೋಡುತ್ತಿದ್ದರು. ಒಳಗೆ ಸಪ್ಪಲಮ್ಮ, ಕುಂಕುಮ ಮೆತ್ತಿದ ಮೂರು ಕಲ್ಲು, ಎರಡು ಬೆಳ್ಳಿಯ ಕಣ್ಣು. ನನಗೆ ಆ ಕಣ್ಣುಗಳ ಮೇಲೆ ಸಿಟ್ಟಿತ್ತು. ಯಾರು ಒಳಗೆ, ಯಾರು ಹೊರಗೆ ಎಂದು ತಾಯಿಯಾದವಳಿಗೆ ಒಂದಿಷ್ಟಾದರೂ ವಿವೇಚನೆ ಬೇಡವೇ? ನಾನೂ ತಾಯಿಯೇ. ನನ್ನ ಮನೆಯ ಬಾಗಿಲನ್ನು ಹೀಗೆ ತೆರೆದಿಡುವುದಿಲ್ಲ.

“ಬಂತು” ಎಂದೆ. ಆ ಒಂದು ಮಾತಿನಲ್ಲಿ ಸುಳ್ಳಿರಲಿಲ್ಲ, ಮನಸ್ಸೂ ಇರಲಿಲ್ಲ.

ಬೆಂಕಿ ಹತ್ತಿತು. ಹನ್ನೊಂದಕ್ಕೆ ಅಂಬಲಿ ಆರಿ, ಮಜ್ಜಿಗೆ ಬೆರೆತು, ನೈವೇದ್ಯವಾಯಿತು. ಮೊದಲ ಲೋಟ ನಾನೇ ಕುಡಿದೆ. ಮಧುರಾಗೆ “ತಾಳು” ಎಂದು ಐದು ನಿಮಿಷ ನಿಲ್ಲಿಸಿದೆ. ಐದು ನಿಮಿಷದಲ್ಲಿ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಆದರೂ ನಿಲ್ಲಿಸಿದೆ. ಆಮೇಲೆ ನಾನು ತಲೆ ಆಡಿಸುವ ಮುಂಚೆಯೇ ಅವಳು ಪಕ್ಕದ ಹುಡುಗಿಯ ಲೋಟ ಕಸಿದು ಗಟಗಟ ಕುಡಿದು, ಅಂಬಲಿಯ ಮೀಸೆ ಮಾಡಿಕೊಂಡು ನಕ್ಕಳು. ಅವಳು ಕುಡಿದದ್ದನ್ನು ಕಂಡು ಉಳಿದ ಮಕ್ಕಳು ನುಗ್ಗಿದವು. ಮನೆಯಲ್ಲಿ ಕೂರಿಸಿದ್ದ ಮಕ್ಕಳೂ ಬಂದವು.

ಎಲ್ಲರಿಗೂ ರಾಮಯ್ಯನವರೇ ಬಡಿಸುತ್ತಿದ್ದರು. ಸಾಲು ಕರಗುತ್ತ ಬಂದಾಗ, ಚಪ್ಪರದ ಹೊರಗೆ ಲೈಟುಕಂಬದ ಪಕ್ಕ ತಂಬಿಗೆ ಹಿಡಿದು ನಿಂತಿದ್ದ ಮುನಿಲಕ್ಷ್ಮಮ್ಮ ಒಂದೊಂದೇ ಹೆಜ್ಜೆ ಮುಂದೆ ಬಂದಳು. ತೊಳೆದ ಸೀರೆ. ತಲೆಗೆ ಎಣ್ಣೆ. ರಾಮಯ್ಯನವರು ಸೌಟನ್ನು ಅಂಬಲಿಯಲ್ಲಿ ಅದ್ದಿದರು, ಎತ್ತಿದರು, ಕೈ ಅಲ್ಲೇ ನಿಂತಿತು. ಸೌಟನ್ನು ನನ್ನ ಕಡೆ ಚಾಚಿದರು.

“ನೀನ್ ಹಾಕಮ್ಮ. ನನ್ ಕೈ ಬರಲ್ಲ. ತುಂಬ ಹಾಕು, ಕಮ್ಮಿ ಮಾಡ್ಬೇಡ.” ಹೇಳಿ ಮನೆಯ ಕಡೆ ನಡೆದುಬಿಟ್ಟರು.

ನಾನು ತಂಬಿಗೆ ತುಂಬಿಸಿದೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು, ಕುಡಿಯಲಿಲ್ಲ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೆಬ್ಬೆರಳಿನ ತುದಿ ಬೆಳ್ಳುಳ್ಳಿಯ ಖಾರಕ್ಕೆ ಬಿರಿದು ಹೋಗಿತ್ತು.

“ಮಕ್ಳೆಲ್ಲ ಕುಡಿದ್ವಾ?”

“ಯಾಕೆ?” ಎಂದೆ. ಅದು ಕೇಳಿದ ಹಾಗಿರಲಿಲ್ಲ, ಹಿಡಿದು ನಿಲ್ಲಿಸಿದ ಹಾಗಿತ್ತು.

ಆಕೆ ಎರಡು ಕೈಯಲ್ಲೂ ತಂಬಿಗೆಯನ್ನು ಎದೆಗೆ ಅವಚಿಕೊಂಡಳು. ನನ್ನ ಹಿಂದೆ ಆಡುತ್ತಿದ್ದ ಮಕ್ಕಳ ಕಡೆ ನೋಡಿದಳು. ಎಣಿಸುತ್ತಿದ್ದಳೋ ಏನೋ, ತುಟಿ ಅಲ್ಲಾಡುತ್ತಿತ್ತು.

“ಹೊಟ್ಟೆ ತಂಪಾಗಿದೆ. ಮನೆಗ್ ಹೋಗಿ ಮಲಗ್ತವೆ ಈಗ ಎಲ್ಲಾ” ಎಂದಳು. “ನಿಂಗೆ ಒಂದ್ ತೊಂದ್ರೆ ಕೊಡ್ತೀನಮ್ಮ. ಎದ್ದ ಮೇಲೆ, ಎಲ್ಲಾ ಮಕ್ಳೂ ಎದ್ದ ಮೇಲೆ, ಒಂದ್ ಸಲ ನಮ್ಮನೆ ಹತ್ರ ಬಂದು ಹೇಳ್ಬಿಡ್ತೀಯಾ? ಒಳಗ್ ಬರೋದ್ ಬೇಡ. ಬಾಗ್ಲಿಂದಾನೇ, ಎದ್ವು ಅಂತ ಅಂದ್ಬಿಡು, ಸಾಕು.”